ಮಲೆನಾಡಿನ ಆಫೀಸಿಗೆ ಯಾವ ಯಂತ್ರ? ಇಂಗಾಲದ ಲೆಕ್ಕ ಹಾಕಿ ಆರಿಸುವ ಬಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಆಫೀಸುಗಳಲ್ಲಿ ಇಂಗಾಲದ ಮಾತು ತೆಗೆದರೆ ಮೊದಲು ಬರುವ ಉತ್ತರ ಹೀಗಿರುತ್ತದೆ: "ನಮ್ಮದು ಜೋಗದ ಕರೆಂಟು ಅಲ್ವಾ, ನೀರಿಂದ ಬರೋದು. ಅದರಲ್ಲಿ ಹೊಗೆ ಎಲ್ಲಿಂದ ಬಂತು?"

ಈ ಮಾತು ಅರ್ಧ ನಿಜ. ಜೋಗದಲ್ಲಿ 1948ರಿಂದ ಕರೆಂಟು ತಯಾರಾಗುತ್ತಿದೆ. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಆದರೆ ಆ ಕರೆಂಟು ನಮ್ಮೂರಿಗೇ ಅಂತ ಬೇರೆ ತಂತಿಯಲ್ಲಿ ಬರುವುದಿಲ್ಲ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಕರೆಂಟು, ಪಾವಗಡದ ಸೋಲಾರ್ ಕರೆಂಟು, ಎಲ್ಲವೂ ಸೇರುವ ಜಾಲಕ್ಕೇ ಅದೂ ಸೇರುತ್ತದೆ. ಮೆಸ್ಕಾಂ ನಮಗೆ ಕೊಡುವುದು ಆ ಜಾಲದಿಂದ. ನಾವು ಇಲ್ಲಿ ಒಂದು ಯೂನಿಟ್ ಉಳಿಸಿದರೆ ಅಷ್ಟು ನೀರಿನ ಕರೆಂಟು ಬೇರೆಯವರಿಗೆ ಸಿಗುತ್ತದೆ, ಎಲ್ಲೋ ಒಂದಿಷ್ಟು ಕಲ್ಲಿದ್ದಲು ಉರಿಯುವುದು ತಪ್ಪುತ್ತದೆ. ದೇಶದ ಜಾಲದ ಸರಾಸರಿ ಹಿಡಿದರೆ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ವರ್ಷವರ್ಷ ಕೊಡುವ ಅಂಕಿ ಇದರ ಆಸುಪಾಸಿನಲ್ಲಿರುತ್ತದೆ. ಇಲ್ಲಿನ ಲೆಕ್ಕಗಳೆಲ್ಲ ಅದರ ಮೇಲೆ ಹಾಕಿದ್ದು. ಮುಂದೆ ಬರೀ ಇಂಗಾಲ ಅಂದರೂ ಈ ಡೈಆಕ್ಸೈಡೇ ಅಂತ ತಿಳಿಯಿರಿ.

ಕರೆಂಟಿನ ಬೇಡಿಕೆ ಏರಿದಷ್ಟೂ ಅದು ಮರಳಿ ನಮ್ಮ ಕಣಿವೆಗೇ ಬರುತ್ತದೆ. ಶರಾವತಿಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಕರೆಂಟು ಮಾಡುವ) ಯೋಜನೆ ಮಾಡಲು ಹೊರಟಿರುವುದು ಸಿಂಗಳೀಕಗಳಿರುವ ಕಾಡಿನಲ್ಲೇ. ಹಾಗಾಗಿ ಈ ವಿಷಯ ನನಗೆ ದೂರದ್ದು ಅನ್ನಿಸುವುದಿಲ್ಲ.

ನಾನು ಸಹಕಾರ ಸಂಘ, ಅಡಿಕೆ ಮಂಡಿ, ಕ್ಲಿನಿಕ್ಕು, ಆಡಿಟರ್ ಆಫೀಸು ಇಂಥ ಕಡೆ ಕಂಪ್ಯೂಟರು, ಯುಪಿಎಸ್ಸು ನೋಡಿಕೊಳ್ಳುವ ಕೆಲಸದವನು. ಐದರಿಂದ ಇಪ್ಪತ್ತು ಜನ ಕೆಲಸ ಮಾಡುವ ಆಫೀಸನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಯಾವ ಯಂತ್ರವನ್ನು ಆರಿಸುವಾಗಲೂ ಎರಡು ಲೆಕ್ಕ ಹಾಕಬೇಕು. ಅದನ್ನು ತಯಾರಿಸುವಾಗ ಎಷ್ಟು ಇಂಗಾಲ ಹೋಗಿದೆ ಅನ್ನುವುದು ಒಂದು, ದಿನಾ ಓಡಿಸುವಾಗ ಎಷ್ಟು ಹೋಗುತ್ತದೆ ಅನ್ನುವುದು ಇನ್ನೊಂದು. ಕಂಪನಿಗಳು ಎರಡನೆಯದನ್ನು ಮಾತ್ರ ದೊಡ್ಡದಾಗಿ ಹೇಳಿ ಹೊಸದನ್ನು ಮಾರುತ್ತವೆ.

ಕಂಪ್ಯೂಟರ್: ಹಳೆಯದೋ, ಹೊಸದೋ, ಸೆಕೆಂಡ್ ಹ್ಯಾಂಡೋ

ಪ್ಲಗ್ಗಿಗೆ ಸಿಕ್ಕಿಸಿ ನೋಡುವ ಸಣ್ಣ ವ್ಯಾಟ್ ಮೀಟರ್ ಒಂದನ್ನು ಮೊದಲು ತರಿಸಿಕೊಳ್ಳಿ. ಗೋಡೆಯ ಸಾಕೆಟ್ಟಿಗೆ ಅದನ್ನು ಹಾಕಿ, ಅದರ ಮೇಲೆ ಕಂಪ್ಯೂಟರಿನ ಪಿನ್ ಹಾಕಿದರೆ ಪರದೆಯ ಮೇಲೆ ವ್ಯಾಟ್ ಕಾಣುತ್ತದೆ. ಹತ್ತು ವರ್ಷದ ಹಳೆಯ ಟವರ್ ಡೆಸ್ಕ್‌ಟಾಪ್, ಜೊತೆಗೆ ಹಳೆಯ ಮಾನಿಟರ್ ಇದ್ದರೆ ಸಾಮಾನ್ಯವಾಗಿ 80ರಿಂದ 100ರ ನಡುವೆ ಆಡುತ್ತಿರುತ್ತದೆ. ಬರೀ ಟೈಪ್ ಮಾಡುವಾಗಲೂ ಅಷ್ಟೇ. ಶಟ್‌ಡೌನ್ ಮಾಡಿದ ಮೇಲೂ ಸೊನ್ನೆಗೆ ಬರುವುದಿಲ್ಲ, ಎರಡು ಮೂರು ವ್ಯಾಟ್ ಎಳೆಯುತ್ತಲೇ ಇರುತ್ತದೆ. ಗೋಡೆಯ ಸ್ವಿಚ್ ಆರಿಸಿದಾಗಲೇ ಸೊನ್ನೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದ ಗುಮಾಸ್ತರಿಗೆ ಸಂಜೆ ಸ್ವಿಚ್ ಆರಿಸಿ ಅಂತ ಮತ್ತೆ ಹೇಳಬೇಕಾಗುವುದಿಲ್ಲ.

ಈಗ ಹೋಲಿಸೋಣ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 280 ದಿನ ಕೆಲಸ ಅಂದುಕೊಳ್ಳಿ. 90 ವ್ಯಾಟಿನ ಹಳೆಯ ಡೆಸ್ಕ್‌ಟಾಪ್ ವರ್ಷಕ್ಕೆ ಸುಮಾರು 200 ಯೂನಿಟ್ ತಿನ್ನುತ್ತದೆ. ಇಂಗಾಲ 140 ಕೆ.ಜಿ. ಅಂಗೈಯಗಲದ ಮಿನಿ ಪಿಸಿ, ಎಲ್‌ಇಡಿ ಮಾನಿಟರ್ ಸೇರಿ 35 ವ್ಯಾಟ್ ಆದರೆ 55 ಕೆ.ಜಿ. ಲ್ಯಾಪ್‌ಟಾಪ್ 22 ವ್ಯಾಟ್ ಆದರೆ 35 ಕೆ.ಜಿ.

ಇಷ್ಟು ನೋಡಿ ಎಲ್ಲ ಹಳೆಯದನ್ನೂ ಎಸೆದು ಲ್ಯಾಪ್‌ಟಾಪ್ ತರೋಣ ಅನ್ನಿಸುತ್ತದೆ. ತಡೆಯಿರಿ. ಒಂದು ಹೊಸ ಲ್ಯಾಪ್‌ಟಾಪ್ ಕಾರ್ಖಾನೆಯಿಂದ ಹೊರಬೀಳುವ ಹೊತ್ತಿಗೆ ಸುಮಾರು 200ರಿಂದ 300 ಕೆ.ಜಿ. ಇಂಗಾಲ ಆಗಲೇ ಹೋಗಿರುತ್ತದೆ. ಚಿಪ್ಪು, ಪರದೆ, ಬ್ಯಾಟರಿ ತಯಾರಿಕೆಗೆ ಅಷ್ಟು ಶಕ್ತಿ ಬೇಕು. ವರ್ಷಕ್ಕೆ 105 ಕೆ.ಜಿ. ಉಳಿದರೆ ಆ ಹೊರೆ ತೀರಲು ಎರಡೂವರೆ ವರ್ಷ ಬೇಕು. ದಿನವಿಡೀ ಓಡುವ ಕೌಂಟರಿನ ಕಂಪ್ಯೂಟರಿಗೆ ಇದು ಸರಿ. ಹೊಸದನ್ನು ಆರೇಳು ವರ್ಷ ಬಳಸಿದರೆ ಲಾಭವೇ. ಆದರೆ ಕಾರ್ಯದರ್ಶಿಯವರ ಕೋಣೆಯಲ್ಲಿ ದಿನಕ್ಕೆ ಎರಡು ಗಂಟೆ ಮಾತ್ರ ಹಚ್ಚುವ ಡೆಸ್ಕ್‌ಟಾಪ್? ಅಲ್ಲಿ ವರ್ಷಕ್ಕೆ ಉಳಿಯುವುದು ಸುಮಾರು 26 ಕೆ.ಜಿ. ಹೊರೆ ತೀರಲು ಹತ್ತು ವರ್ಷ ಬೇಕು. ಅದನ್ನು ಬದಲಿಸಬೇಡಿ, ಕೆಡುವವರೆಗೆ ಬಳಸಿ.

ನನ್ನ ಮೊದಲ ಆಯ್ಕೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅಥವಾ ಮಿನಿ ಪಿಸಿ. ಬೆಂಗಳೂರಿನ ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಮಾಲು ರಿಪೇರಿಯಾಗಿ ಎಸ್.ಪಿ. ರಸ್ತೆಗೆ ಬರುತ್ತದೆ. ಅಲ್ಲಿಂದ ಶಿವಮೊಗ್ಗದ ಅಂಗಡಿಗಳಿಗೂ ಬರುತ್ತದೆ. ತಯಾರಿಕೆಯ ಇಂಗಾಲ ಆಗಲೇ ಖರ್ಚಾಗಿರುವುದರಿಂದ ಉಳಿತಾಯ ಮೊದಲ ದಿನದಿಂದಲೇ ಶುರು. ಕೊಳ್ಳುವಾಗ ಬ್ಯಾಟರಿಯ ಆರೋಗ್ಯ, ಚಾರ್ಜರಿನ ಪಿನ್ನು, ಹಿಂಜಿನ ಬಿಗಿ ನೋಡಿ. ಆರು ತಿಂಗಳ ವಾರಂಟಿಯನ್ನಾದರೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಮಲೆನಾಡಿನಲ್ಲಿ ಲ್ಯಾಪ್‌ಟಾಪಿಗೆ ಇನ್ನೊಂದು ಗುಣ ಇದೆ. ಅದಕ್ಕೆ ಯುಪಿಎಸ್ ಬೇಡ. ಟೇಬಲ್ಲಿಗೊಂದರಂತೆ ಇಟ್ಟಿರುವ ಸಣ್ಣ ಯುಪಿಎಸ್‌ಗಳು ಸುಮ್ನೆ ಕೂತಿದ್ದರೂ ಐದರಿಂದ ಹತ್ತು ವ್ಯಾಟ್ ನುಂಗುತ್ತವೆ, ಹಗಲೂ ರಾತ್ರಿಯೂ. ಎಂಟು ವ್ಯಾಟಿನ ಐದು ಯುಪಿಎಸ್ ಇದ್ದರೆ ವರ್ಷಕ್ಕೆ 350 ಯೂನಿಟ್. ಏಳು ಲ್ಯಾಪ್‌ಟಾಪ್ ವರ್ಷವಿಡೀ ಓಡುವಷ್ಟು ಕರೆಂಟು ಅದು.

ವಿಂಡೋಸ್ 10 ಇರುವವರ ಕಥೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ಮುಂದಿನದು ಇರಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು. ಹಾಗಾಗಿ ಚೆನ್ನಾಗಿ ಓಡುತ್ತಿರುವ ಎಷ್ಟೋ ಕಂಪ್ಯೂಟರುಗಳನ್ನು ಜನ ಗುಜರಿಗೆ ಹಾಕುತ್ತಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ದಾರಿ ಇದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಲಿನಕ್ಸ್ ಅನ್ನುವ ಉಚಿತ ಕಾರ್ಯವ್ಯವಸ್ಥೆ ಕೂರಿಸಿ. ಬ್ರೌಸರು, ಪತ್ರ ಬರೆಯುವುದು, ಲೆಕ್ಕದ ಹಾಳೆ, ಸರ್ಕಾರಿ ಪೋರ್ಟಲ್ಲು, ಇಷ್ಟಕ್ಕೆ ಅದು ಸಾಕು. ಕನ್ನಡ ಟೈಪಿಂಗಿಗೆ ಲಿನಕ್ಸ್‌ನಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುತ್ತದೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಬೆರಳು ತಡವರಿಸುವುದಿಲ್ಲ. ಆದರೆ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ಕಡತಗಳು ರಾಶಿ ಇದ್ದರೆ ಮೊದಲು ಅವನ್ನು ಯೂನಿಕೋಡಿಗೆ ಬದಲಿಸಿಕೊಳ್ಳಿ.

ಟ್ಯಾಲಿ ಇರುವ ಯಂತ್ರವನ್ನು ಮಾತ್ರ ಮುಟ್ಟಬೇಡಿ. ಅದಕ್ಕೆ ವಿಂಡೋಸೇ ಬೇಕು. ಡಿಜಿಟಲ್ ಸಹಿಯ ಟೋಕನ್ ಬಳಸುವ ಯಂತ್ರವೂ ಹಾಗೆ, ಲಿನಕ್ಸ್‌ನಲ್ಲಿ ಅದು ಕಾಟ ಕೊಡಬಹುದು. ಇವೆರಡು ಕೆಲಸಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಎಂಟನೇ ತಲೆಮಾರಿನ ಮಿನಿ ಪಿಸಿ ತಂದು, ಉಳಿದವಕ್ಕೆ ಲಿನಕ್ಸ್ ಹಾಕಿದರೆ ಆಫೀಸು ನಡೆಯುತ್ತದೆ.

ಹಿಂದಿನ ಕೋಣೆಯ ಸರ್ವರ್

ಅನೇಕ ಸಂಘಗಳಲ್ಲಿ ಹಿಂದಿನ ಕೋಣೆಯಲ್ಲಿ ಒಂದು ದೊಡ್ಡ ಡಬ್ಬ ಗುಂಯ್ಗುಡುತ್ತಿರುತ್ತದೆ. 120 ವ್ಯಾಟ್, ವರ್ಷದ ಅಷ್ಟೂ ಗಂಟೆ. ಅಂದರೆ 1,050 ಯೂನಿಟ್, 735 ಕೆ.ಜಿ. ಇಂಗಾಲ. ಐದು ಹಳೆಯ ಡೆಸ್ಕ್‌ಟಾಪ್ ಸೇರಿದರೂ ಇಷ್ಟಾಗುವುದಿಲ್ಲ. ಮೊದಲು ಕೈ ಹಾಕಬೇಕಾದ್ದು ಇದಕ್ಕೆ.

ಎಲ್ಲವನ್ನೂ ಕ್ಲೌಡಿಗೆ ಹಾಕುವುದು ಒಂದು ದಾರಿ. ದೊಡ್ಡ ಡೇಟಾ ಸೆಂಟರಿನಲ್ಲಿ ಒಂದೇ ಯಂತ್ರ ನೂರಾರು ಆಫೀಸಿನ ಕೆಲಸ ಮಾಡುವುದರಿಂದ ನಮ್ಮ ಪಾಲಿಗೆ ಬರುವ ಕರೆಂಟು ಕಡಿಮೆ. ಶಿವಮೊಗ್ಗ ಪೇಟೆಯೊಳಗಿನ ಆಫೀಸಿಗೆ ಇದು ಆಗಬಹುದು. ಹೊಸನಗರ, ಆಗುಂಬೆ ಕಡೆ ನಾನು ಹೀಗೆ ಹೇಳುವುದಿಲ್ಲ. ಜುಲೈಯಲ್ಲಿ ಮರ ಬಿದ್ದು ಫೈಬರ್ ಹರಿದರೆ ಸದಸ್ಯರ ಪಾಸ್‌ಬುಕ್ಕೂ ತೆರೆಯುವುದಿಲ್ಲ. ಅಲ್ಲಿಗೆ ನಡುವಿನ ದಾರಿ ಒಳ್ಳೆಯದು: ಎರಡು ಡಿಸ್ಕಿನ ಸಣ್ಣ ನ್ಯಾಸ್ (ಕಡತಗಳನ್ನಿಟ್ಟು ಎಲ್ಲ ಕಂಪ್ಯೂಟರಿಗೂ ಹಂಚುವ ಪೆಟ್ಟಿಗೆ) ಅಥವಾ ಮಿನಿ ಪಿಸಿಯನ್ನೇ ಸರ್ವರ್ ಮಾಡಿ. 25, 30 ವ್ಯಾಟಿಗೆ ಮುಗಿಯುತ್ತದೆ. ಲೈನ್ ಇದ್ದಾಗ ಒಂದು ಪ್ರತಿ ತಾನಾಗಿ ಕ್ಲೌಡಿಗೆ ಹೋಗಲಿ. ವರ್ಷಕ್ಕೆ ಐನೂರು ಕೆ.ಜಿ. ಮೇಲೆ ಉಳಿಯುತ್ತದೆ.

ಕರೆಂಟು ಹೋದಾಗ ಏನು

ಮಲೆನಾಡಿನ ಆಫೀಸಿನಲ್ಲಿ ಇಂಗಾಲದ ಇನ್ನೊಂದು ದೊಡ್ಡ ಪಾಲು ಇಲ್ಲಿ ಅಡಗಿರುತ್ತದೆ. ಮಳೆಗಾಲದಲ್ಲಿ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಹಿತ್ತಲಿನ ಜನರೇಟರ್ ಶುರುವಾಗುತ್ತದೆ. ಹತ್ತು ಕೆವಿಎ ಜನರೇಟರಿಗೆ ನಾಲ್ಕು ಕಂಪ್ಯೂಟರು, ಎರಡು ಫ್ಯಾನು, ನಾಲ್ಕು ಟ್ಯೂಬ್‌ಲೈಟು ಅಂದರೆ ಏನೂ ಭಾರವಲ್ಲ. ಆದರೂ ಗಂಟೆಗೆ ಸುಮಾರು ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್.

ವರ್ಷಕ್ಕೆ ನೂರು ಗಂಟೆ ಹೀಗೆ ಓಡಿಸಿದರೆ 270 ಕೆ.ಜಿ. ಅದೇ 600 ವ್ಯಾಟಿನ ಕೆಲಸವನ್ನು ನೂರು ಗಂಟೆ ಬ್ಯಾಟರಿಯಿಂದ ಮಾಡಿದರೆ? ನೀರು ಹಾಕುವ ಹಳೆಯ ಬಗೆಯ ಸೀಸದ ಬ್ಯಾಟರಿಯಲ್ಲಿ ಚಾರ್ಜಿಂಗ್ ನಷ್ಟ ಸೇರಿ 80 ಯೂನಿಟ್, ಅಂದರೆ 56 ಕೆ.ಜಿ. ಲಿಥಿಯಂ ಬ್ಯಾಟರಿಯಲ್ಲಿ 70 ಯೂನಿಟ್, 50 ಕೆ.ಜಿ.ಗಿಂತ ತುಸು ಕಡಿಮೆ. ಸೀಸವೋ ಲಿಥಿಯಮ್ಮೋ ಅಂತ ಅಂಗಡಿಯಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಇಂಗಾಲದ ಲೆಕ್ಕದಲ್ಲಿ ಅವೆರಡರ ನಡುವಿನ ಅಂತರ ಸಣ್ಣದು. ಡೀಸೆಲ್ ಬಿಟ್ಟು ಬ್ಯಾಟರಿಗೆ ಬರುವುದೇ ದೊಡ್ಡ ಹೆಜ್ಜೆ.

ಹಾಗಾದರೆ ಯಾವುದನ್ನು ಕೊಳ್ಳುವುದು? ಈಗಿರುವ ಟ್ಯೂಬುಲರ್ (ಸೀಸದ) ಬ್ಯಾಟರಿ ಚೆನ್ನಾಗಿದ್ದರೆ ಅದರ ಆಯುಸ್ಸು ಮುಗಿಯಲಿ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿಕೊಳ್ಳಿ. ನಮ್ಮ ತೇವಕ್ಕೆ ಟರ್ಮಿನಲ್ಲುಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಬಿಸಿನೀರಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಿದರೆ ವರ್ಷ ಒಂದು ಹೆಚ್ಚು ಬರುತ್ತದೆ. ಹೊಸದನ್ನೇ ಕೊಳ್ಳುವುದಾದರೆ ಲಿಥಿಯಂ ಐರನ್ ಫಾಸ್ಫೇಟ್ ನೋಡಿ. ಬೆಲೆ ಜಾಸ್ತಿ, ಆದರೆ ಸೀಸದ್ದು ನಾಲ್ಕೈದು ವರ್ಷ ಬಂದರೆ ಇದು ಎಂಟು ಹತ್ತು ವರ್ಷ ಬರುತ್ತದೆ. ಬೇಗ ಚಾರ್ಜ್ ಆಗುತ್ತದೆ. ಕರೆಂಟು ಬಂದು ಹೋಗಿ ಮಾಡುವ ದಿನಗಳಲ್ಲಿ ಆ ಬೇಗ ಅನ್ನುವುದಕ್ಕೆ ಬಹಳ ಬೆಲೆ ಇದೆ.

ಎರಡು ದಿನ ಕರೆಂಟಿಲ್ಲದ ಊರುಗಳಿಗೆ ಬ್ಯಾಟರಿ ಒಂದೇ ಸಾಲದು. ಅಲ್ಲಿ ಜನರೇಟರ್ ಇರಲಿ. ಆದರೆ ದಿನವಿಡೀ ಓಡಿಸಬೇಡಿ. ಒಂದೆರಡು ಗಂಟೆ ಓಡಿಸಿ, ಆ ಹೊತ್ತಿನಲ್ಲಿ ಬ್ಯಾಟರಿ, ಲ್ಯಾಪ್‌ಟಾಪು, ಮೊಬೈಲು ಎಲ್ಲ ಒಟ್ಟಿಗೆ ಚಾರ್ಜ್ ಮಾಡಿ ನಿಲ್ಲಿಸಿ. ತುಂಬು ಭಾರದಲ್ಲಿ ಓಡಿದಾಗ ಅದೇ ಲೀಟರಿಗೆ ಮೂರು ಯೂನಿಟ್ ಕರೆಂಟು ಸಿಗುತ್ತದೆ.

ಸಿಡಿಲಿನ ಮಾತನ್ನೂ ಇಲ್ಲೇ ಹೇಳಬೇಕು. ನಮ್ಮ ಕಡೆ ಕಂಪ್ಯೂಟರುಗಳು ಮುಪ್ಪಾಗಿ ಸಾಯುವುದು ಕಡಿಮೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಒಂದೇ ಸಂಜೆ ಮದರ್‌ಬೋರ್ಡು, ರೂಟರು, ಪ್ರಿಂಟರು ಎಲ್ಲ ಸುಟ್ಟು ಹೋಗುತ್ತವೆ. ಹಾಗೆ ಸುಟ್ಟ ಪ್ರತಿ ಯಂತ್ರದ ಜಾಗಕ್ಕೆ ಹೊಸದು ಬರಬೇಕು, ಅದರ ತಯಾರಿಕೆಯ ಹೊರೆಯೊಡನೆ. ಅರ್ತಿಂಗ್ ಸರಿಯಿದ್ದರೆ, ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಇದ್ದರೆ ಇದರಲ್ಲಿ ಬಹಳಷ್ಟು ತಪ್ಪುತ್ತದೆ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ತ್ ಹಿಡಿಯುವುದಿಲ್ಲ. ಮಾರ್ಚ್‌ನಿಂದ ಅರ್ತ್ ಗುಂಡಿಗೆ ವಾರಕ್ಕೊಂದೆರಡು ಕೊಡ ನೀರು ಹೊಯ್ಯಿರಿ. ಮೋಡ ಕವಿದ ಕೂಡಲೇ ಪ್ಲಗ್ಗಿನ ಜೊತೆ ಇಂಟರ್ನೆಟ್ಟಿನ ತಂತಿಯನ್ನೂ ಕೀಳಿ. ತಾಮ್ರದ ಫೋನ್ ಲೈನ್ ಇನ್ನೂ ಇದ್ದರೆ ಅದನ್ನು ಫೈಬರಿಗೆ ಬದಲಿಸಿಕೊಳ್ಳಿ. ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟು ಹರಿಯುವುದಿಲ್ಲ. ದುಡ್ಡು ಕಡಿಮೆ ಇರುವ ಸಂಘಕ್ಕೆ ನಾನು ಮೊದಲು ಹೇಳುವ ಖರ್ಚು ಅರ್ತಿಂಗಿನದೇ.

ಪ್ರಿಂಟರ್

ಲೇಸರ್ ಪ್ರಿಂಟರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವುದರಿಂದ ಮುದ್ರಿಸುವಾಗ ನೂರಾರು ವ್ಯಾಟ್ ಎಳೆಯುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರಿಗೆ ಹತ್ತು ಇಪ್ಪತ್ತು ವ್ಯಾಟ್ ಸಾಕು, ಇನ್ವರ್ಟರಿನಲ್ಲೂ ಓಡುತ್ತದೆ. ದಿನಾ ಮುದ್ರಿಸುವ ಆಫೀಸಿಗೆ ಇಂಕ್ ಟ್ಯಾಂಕ್ ಒಳ್ಳೆಯದು. ಆದರೆ ಕಪ್ಪು ಶಾಯಿ ಪಿಗ್ಮೆಂಟ್ ಬಗೆಯದೇ ಅಂತ ಕೇಳಿ ತಗೊಳ್ಳಿ. ಇಲ್ಲದಿದ್ದರೆ ಮಳೆಯಲ್ಲಿ ನೆನೆದು ಬಂದ ರೈತರ ಕೈಯಲ್ಲಿ ರಸೀದಿಯ ಅಕ್ಷರ ಕಲಸಿ ಹೋಗುತ್ತದೆ. ವಾರಕ್ಕೆ ನಾಲ್ಕು ಹಾಳೆ ಮುದ್ರಿಸುವವರಿಗೆ ಇಂಕ್ ಒಣಗಿ ಹೆಡ್ ಕಟ್ಟಿಕೊಳ್ಳುತ್ತದೆ. ಅವರಿಗೆ ಈಗಿರುವ ಲೇಸರೇ ಇರಲಿ, ಬೇಕಾದಾಗ ಮಾತ್ರ ಆನ್ ಮಾಡಲಿ. ಇಬ್ಬದಿ ಮುದ್ರಣವನ್ನು ಮಾಮೂಲಿ ಸೆಟ್ಟಿಂಗ್ ಮಾಡಿಡಿ. ಭದ್ರಾವತಿಯ ಕಾಗದ ಕಾರ್ಖಾನೆಗೆಂದು ನಮ್ಮ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ಎಬ್ಬಿಸಿದ್ದನ್ನು ಕಂಡವರಿಗೆ ಹಾಳೆ ಯಾಕೆ ಉಳಿಸಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಫ್ಯಾನೋ, ಎಸಿಯೋ

ಘಟ್ಟದ ಅಂಚಿನ ಹಂಚಿನ ಕಟ್ಟಡಕ್ಕೆ ಎಸಿ ಬೇಡ. 75 ವ್ಯಾಟಿನ ಹಳೆಯ ಫ್ಯಾನ್ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಸಾಕು. ಶಿವಮೊಗ್ಗ ಪೇಟೆಯ ಆರ್‌ಸಿಸಿ ಮೇಲ್ಮಹಡಿಯಲ್ಲಿ ಏಪ್ರಿಲ್‌ ಸೆಕೆ ತಡೆಯುವುದು ಕಷ್ಟ, ಒಪ್ಪುತ್ತೇನೆ. ಅಲ್ಲಿ ಮೊದಲು ತಾರಸಿಗೆ ಬಿಳಿ ಕೂಲ್ ರೂಫ್ ಬಣ್ಣ ಬಳಿಸಿ. ಆಮೇಲೂ ಬೇಕಾದರೆ ಐದು ಸ್ಟಾರಿನ ಇನ್ವರ್ಟರ್ ಎಸಿ ಹಾಕಿ, 26 ಡಿಗ್ರಿಗೆ ಇಟ್ಟು ಫ್ಯಾನನ್ನೂ ತಿರುಗಿಸಿ.

ಎಸಿಯಲ್ಲಿ ಜನ ಗಮನಿಸದ ವಿಷಯ ಗ್ಯಾಸು. ಆರ್-410ಎ ಅನ್ನುವ ಗ್ಯಾಸ್ ಒಂದು ಕೆ.ಜಿ. ಸೋರಿದರೆ ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಹಳೆಯ ಆರ್-22 ಕೂಡ ಹೆಚ್ಚುಕಡಿಮೆ ಅಷ್ಟೇ. ಆರ್-32 ಆದರೆ ಅದರ ಮೂರನೇ ಒಂದು ಪಾಲು. ಒಂದೂವರೆ ಟನ್ನಿನ ಎಸಿಯೊಳಗೆ ಸುಮಾರು ಒಂದು ಕೆ.ಜಿ. ಗ್ಯಾಸ್ ಇರುತ್ತದೆ. ಮೇಲೆ ಹೇಳಿದ ಕಂಪ್ಯೂಟರುಗಳ ಉಳಿತಾಯವೆಲ್ಲ ಒಂದು ಸೋರಿಕೆಗೆ ಸಮವಾಗಬಹುದು. ಪ್ರತಿ ವರ್ಷ "ಗ್ಯಾಸ್ ಕಡಿಮೆಯಾಗಿದೆ, ತುಂಬಿಸ್ಬೇಕು" ಅನ್ನುವ ಮೆಕ್ಯಾನಿಕ್ ಬಂದರೆ, ಮೊದಲು ಸೋರುವ ಜಾಗ ಹುಡುಕಿ ಬೆಸುಗೆ ಹಾಕಲು ಹೇಳಿ. ಸರಿಯಾಗಿರುವ ಎಸಿಗೆ ಗ್ಯಾಸ್ ತುಂಬುವ ಅಗತ್ಯವೇ ಬರುವುದಿಲ್ಲ.

ಓಡಾಟ

ಒಂದೇ ಲೆಕ್ಕ ಹೇಳುತ್ತೇನೆ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಲ್ಲಿ ಹೋಗಿ ಬಂದರೆ 40 ಲೀಟರ್ ಪೆಟ್ರೋಲ್, 92 ಕೆ.ಜಿ. ಇಂಗಾಲ. ಒಂದು ಲ್ಯಾಪ್‌ಟಾಪ್ ಎರಡೂವರೆ ವರ್ಷ ಓಡುವಷ್ಟು. ಒಂದು ಗಂಟೆಯ ಸಭೆಗೆ ಹೋಗುವ ಬದಲು ಒಳ್ಳೆಯ ಮೈಕು, ಕ್ಯಾಮೆರಾ ತಂದರೆ ಮೊದಲ ಸಭೆಯಲ್ಲೇ ಗೆದ್ದಂತೆ. ಹೋಗಲೇಬೇಕಾದರೆ ರೈಲಿದೆ.

ಕೊನೆಗೆ ಸೋಲಾರ್, ಯಾಕೆ ಕೊನೆಗೆ

ಬಹಳ ಜನ ಸೋಲಾರಿನಿಂದಲೇ ಶುರು ಮಾಡುತ್ತಾರೆ. ಮೊದಲು ಕರೆಂಟಿನ ಖರ್ಚು ಇಳಿಸಿದರೆ ಐದು ಕಿಲೋವ್ಯಾಟಿನ ಜಾಗದಲ್ಲಿ ಎರಡು ಕಿಲೋವ್ಯಾಟ್ ಸಾಕಾಗುತ್ತದೆ. ಅದಕ್ಕೇ ಇದು ಕೊನೆಗೆ.

ಸೋಲಾರ್ ಒಳ್ಳೆಯದೇ. ಪ್ಯಾನೆಲ್ ತಯಾರಿಕೆಯ ಹೊರೆ ಸೇರಿಸಿದರೂ ಒಂದು ಯೂನಿಟ್ಟಿಗೆ 40, 50 ಗ್ರಾಂ ಇಂಗಾಲ ಮಾತ್ರ. ಆಫೀಸಿನ ಕೆಲಸ ಹಗಲಿನದ್ದೇ ಆದ್ದರಿಂದ ಉತ್ಪಾದನೆ, ಬಳಕೆ ಎರಡೂ ಹೊಂದುತ್ತವೆ. ನಮ್ಮ ರಾಜ್ಯದಲ್ಲಿ ಒಂದು ಕಿಲೋವ್ಯಾಟಿಗೆ ವರ್ಷದ ಸರಾಸರಿ ದಿನಕ್ಕೆ ನಾಲ್ಕು ಯೂನಿಟ್ ಹಿಡಿಯಬಹುದು. ಆದರೆ ಮಳೆಗಾಲದಲ್ಲಿ ಘಟ್ಟದ ಕಡೆ ಅದು ಅರ್ಧಕ್ಕೆ ಇಳಿಯಬಹುದು. ಶಿವಮೊಗ್ಗ, ಭದ್ರಾವತಿ ಬಯಲಿಗೂ ಆಗುಂಬೆಗೂ ಮಳೆಯಲ್ಲಿ ಎಷ್ಟು ವ್ಯತ್ಯಾಸ ಇದೆಯೋ ಸೋಲಾರಿನ ಲೆಕ್ಕದಲ್ಲೂ ವ್ಯತ್ಯಾಸ ಎದ್ದು ಕಾಣುತ್ತದೆ. ಅಡಿಕೆ, ಸಿಲ್ವರ್ ಓಕ್ ಮರದ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯುತ್ತದೆ. ಮಳೆ ಮುಗಿದ ಮೇಲೆ ಗಾಜಿನ ಅಂಚಿಗೆ ಹಿಡಿದ ಪಾಚಿಯನ್ನು ಉಜ್ಜಿ ತೊಳೆಸಬೇಕು.

ಎರಡು ವಿಷಯ ಮೊದಲೇ ತಿಳಿದಿರಲಿ. ಬ್ಯಾಟರಿ ಇಲ್ಲದ ಸಾಮಾನ್ಯ ಆನ್-ಗ್ರಿಡ್ ಸೋಲಾರ್, ಲೈನ್ ಕರೆಂಟು ಹೋದ ತಕ್ಷಣ ತಾನೂ ನಿಲ್ಲುತ್ತದೆ. ಲೈನ್‌ಮ್ಯಾನ್‌ಗಳ ಜೀವ ಕಾಯಲು ಹಾಗೆ ಮಾಡಿದ್ದಾರೆ. ಕರೆಂಟು ಪದೇ ಪದೇ ಹೋಗುವ ಊರಿಗೆ ಸೋಲಾರ್, ಬ್ಯಾಟರಿ, ಲೈನ್ ಮೂರನ್ನೂ ಕೂಡಿಸಿ ನಡೆಸುವ ಹೈಬ್ರಿಡ್ ಇನ್ವರ್ಟರ್ ಕೇಳಿ, ಈಗಾಗಲೇ ಕೊಂಡ ಲಿಥಿಯಂ ಬ್ಯಾಟರಿಗೆ ಅದು ಹೊಂದುತ್ತದೆಯೇ ನೋಡಿ. ಇನ್ನೊಂದು, 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಸಹಾಯಧನ ಮನೆಗಳಿಗೆ ಮಾತ್ರ. ಆಫೀಸಿಗೂ ಸಿಗುತ್ತದೆ ಅಂತ ಯಾರಾದರೂ ಹೇಳಿ ಮುಂಗಡ ಕೇಳಿದರೆ ಕೊಡಬೇಡಿ.

ಬದಲಿಸಿ ತೆಗೆದ ಹಳೆಯ ಯಂತ್ರಗಳನ್ನು ತೂಕಕ್ಕೆ ಗುಜರಿಗೆ ಹಾಕಬೇಡಿ. ತಾಮ್ರಕ್ಕಾಗಿ ತಂತಿ ಸುಡುತ್ತಾರೆ, ಸೀಸಕ್ಕಾಗಿ ಬ್ಯಾಟರಿ ಒಡೆದು ಆಸಿಡ್ಡನ್ನು ಮೋರಿಗೆ ಚೆಲ್ಲುತ್ತಾರೆ. 2022ರ ಇ-ತ್ಯಾಜ್ಯ ನಿಯಮ, ಬ್ಯಾಟರಿ ತ್ಯಾಜ್ಯ ನಿಯಮ ಎರಡರಲ್ಲೂ ಹಳೆಯದರ ವಿಲೇವಾರಿಯ ಹೊಣೆ ತಯಾರಕರ ಮೇಲಿದೆ. ಬ್ಯಾಟರಿಯನ್ನು ಹೊಸದು ಮಾರುವ ಡೀಲರಿಗೇ ಕೊಟ್ಟು ಬಿಲ್ಲಿನಲ್ಲಿ ಬರೆಸಿ. ಕಂಪ್ಯೂಟರುಗಳನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಘಟಕಕ್ಕೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಕೊಡುವ ಮುಂಚೆ ಹಾರ್ಡ್ ಡಿಸ್ಕನ್ನು ಬಿಚ್ಚಿ ತೆಗೆದಿಡಿ. ಅದರೊಳಗೆ ಸದಸ್ಯರ ಆಧಾರ್, ಖಾತೆ ಸಂಖ್ಯೆ ಎಲ್ಲ ಇರುತ್ತದೆ.